ಮನ್ರೋಗಳ ಸೀಮೆಯಲ್ಲಿ ನನಗೇನು ಕೆಲಸ: ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಊರಿಗೆ ಹೋದಾಗಲೂ, ಊರಿನವರು ಇಲ್ಲಿಗೆ ಬಂದಾಗಲೂ ನನಗೆ ಎದುರಾಗುವ ಪ್ರಶ್ನೆ ಒಂದೇ. ಸ್ಕಾಟ್ಲೆಂಡಿನ ಇನ್ವರ್ನೆಸ್ಸಿನಲ್ಲಿ ಕೆಲಸದಲ್ಲಿರುವ ನಾನು, ಬಿಡುವು ಸಿಕ್ಕಾಗ ಲಾಕ್ ನೆಸ್ ಸರೋವರಕ್ಕೋ ಸ್ಕೈ ದ್ವೀಪಕ್ಕೋ ಹೋಗುವುದನ್ನು ಬಿಟ್ಟು, ಉತ್ತರಕ್ಕಿರುವ ಮನ್ರೋ ಕುಲದ ಹಳೆಯ ನೆಲೆಗಳನ್ನೇ ಮತ್ತೆ ಮತ್ತೆ ಸುತ್ತುವುದೇಕೆ ಎಂಬುದು ಆ ಪ್ರಶ್ನೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಕೇಳಿದವರು ಇದನ್ನು ಓದಿಕೊಳ್ಳಲಿ.

ಕೇಳುವುದಕ್ಕೆ ನನ್ನ ತಕರಾರಿಲ್ಲ, ಕೇಳುವ ರೀತಿಗೆ ಇದೆ. ಮೈಸೂರಿನಲ್ಲಿ ಒಂದು ಗೃಹಪ್ರವೇಶದ ಊಟದ ಪಂಕ್ತಿಯಲ್ಲಿ, ಪಾಯಸ ಬಡಿಸುತ್ತಿದ್ದ ಹೊತ್ತಿಗೆ, ನನ್ನ ಸೋದರಮಾವ ಎದುರು ಸಾಲಿಗೂ ಕೇಳಿಸುವಂತೆ, “ಅಲ್ಲಯ್ಯಾ, ಮನೆದೇವರ ಗುಡಿಗೆ ವರ್ಷಕ್ಕೊಂದು ಸಲ ಬಾ ಅಂದ್ರೆ ನಿಂಗೆ ಪುರುಸೊತ್ತಿಲ್ಲ. ಅಲ್ಲಿ ಯಾರದೋ ಕುಲದ ಪಾಳುಗೋಡೆ ಸುತ್ತೋಕೆ ಮಾತ್ರ ಪುರುಸೊತ್ತಿದೆ. ಅವರೇನು ನಿನ್ನ ದಾಯಾದಿಗಳೇನೋ?” ಎಂದರು. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಎಲೆಯ ಮುಂದೆ ಕುಳಿತು ಹಿರಿಯರೊಡನೆ ವಾದಕ್ಕೆ ಇಳಿಯಬಾರದೆಂದು ನಾನು ಸುಮ್ಮನಿದ್ದೆ. ಆದರೆ ಒಂದು ನೆಲವನ್ನು ಪ್ರೀತಿಸಲು ಅಲ್ಲಿ ದಾಯಾದಿಗಳಿರಬೇಕು ಎಂಬ ಆ ಎಣಿಕೆಯನ್ನು ನಾನು ಒಪ್ಪುವುದಿಲ್ಲ. ಹಾಗೆ ನೋಡಿದರೆ, ಮನ್ರೋ ಎಂಬ ಹೆಸರು ಹೊತ್ತವರೆಲ್ಲರೂ ಪರಸ್ಪರ ರಕ್ತಸಂಬಂಧಿಗಳಲ್ಲ. ಸ್ಕಾಟ್ಲೆಂಡಿನ ಹೈಲ್ಯಾಂಡ್ ಸೀಮೆಯಲ್ಲಿ ಕುಲದ ಒಡೆಯನ ನೆಲದಲ್ಲಿ ಗೇಣಿಗಿದ್ದು, ಅವನ ರಕ್ಷಣೆಯಲ್ಲಿ ಬದುಕಿ, ಅವನು ಕರೆದಾಗ ಕತ್ತಿ ಹಿಡಿದ ಎಷ್ಟೋ ಒಕ್ಕಲುಗಳು ಒಡೆಯನ ಹೆಸರನ್ನೇ ತಮ್ಮ ಹೆಸರಾಗಿ ಇಟ್ಟುಕೊಂಡವು.

ಆ ನೆಲ ಕ್ರೊಮಾರ್ಟಿ ಕೊಲ್ಲಿಯ ವಾಯವ್ಯ ದಡದಲ್ಲಿದೆ. ಕುಲದ ಮೂಲಸ್ಥಾನವಾದ ಫೌಲಿಸ್ ಕೋಟೆಮನೆಯ ಈಗಿನ ಕಟ್ಟಡವನ್ನು 18ನೆಯ ಶತಮಾನದಲ್ಲಿ ಸರ್ ಹ್ಯಾರಿ ಮನ್ರೋ ಹೊಸದಾಗಿ ಕಟ್ಟಿಸಿದ. ಅವನ ತಂದೆ ಸರ್ ರಾಬರ್ಟ್, ಹೈಲ್ಯಾಂಡಿನ ಅನೇಕ ಕುಲಗಳು ದಂಗೆಯೆದ್ದಾಗ ಸರ್ಕಾರದ ಪಕ್ಷದಲ್ಲಿ ನಿಂತು, 1746ರ ಜನವರಿಯಲ್ಲಿ ಫಾಲ್ಕರ್ಕ್ ಕದನದಲ್ಲಿ ಸತ್ತವನು. ಫೌಲಿಸ್ ಇಂದಿಗೂ ಖಾಸಗಿ ಮನೆ, ಬೇಕೆಂದಾಗ ಒಳಗೆ ನುಗ್ಗುವಂತಿಲ್ಲ. ಅದರ ಹಿಂದಣ ದಿಕ್ಕಿನಲ್ಲಿ 1,046 ಮೀಟರ್ ಎತ್ತರದ ಬೆನ್ ವೈವಿಸ್ ಬೆಟ್ಟವಿದೆ. ನಡುಬೇಸಿಗೆಯಲ್ಲಿ ದೊರೆ ಕೇಳಿದರೂ ಒಂದು ಹಿಮದ ಉಂಡೆಯನ್ನು ಒಪ್ಪಿಸಬೇಕು ಎಂಬ ಕರಾರಿನ ಮೇಲೆ ಮನ್ರೋಗಳಿಗೆ ಈ ಭೂಮಿ ಸಿಕ್ಕಿತ್ತೆಂದು ಪರಂಪರೆಯ ಮಾತಿದೆ. ಜೂನ್ ತಿಂಗಳಿನಲ್ಲೂ ಆ ಬೆಟ್ಟದ ಬಡಗಣ ಕೊರಕಲುಗಳಲ್ಲಿ ಬಿಳಿಯ ತೇಪೆಗಳನ್ನು ಕಂಡ ಮೇಲೆ, ಕರಾರು ಬರೆದವನು ಬೆಟ್ಟವನ್ನು ಚೆನ್ನಾಗಿ ಬಲ್ಲವನೆಂದೇ ನನಗೆ ಅನಿಸಿತು.

ಒಡೆಯನಿಗೆ ಹಿಮದ ಉಂಡೆಯ ಕಂದಾಯ, ಒಕ್ಕಲಿಗೆ ಮಾತ್ರ ಧಾನ್ಯದ ಗೇಣಿ. ಆ ಗೇಣಿಯನ್ನು ತುಂಬಿಡುತ್ತಿದ್ದ ಉದ್ದನೆಯ ಕಲ್ಲಿನ ಉಗ್ರಾಣ ಕೊಲ್ಲಿಯ ನೀರಿನಂಚಿನಲ್ಲೇ ಇದೆ. 1740ರ ಸುಮಾರಿನ ಕಟ್ಟಡವದು, ಈಗ ಅಲ್ಲಿ ಹೋಟೆಲು ನಡೆಯುತ್ತದೆ. ಅದೇ ದಡದಲ್ಲಿ ಕಿಲ್ಟರ್ನ್ ಚರ್ಚು ಛಾವಣಿಯಿಲ್ಲದೆ ನಿಂತಿದೆ. ಮನ್ರೋ ಒಡೆಯರ ಸಮಾಧಿಗಳಿರುವ ಸ್ಥಳವಾದರೂ, ನಾನು ಅಲ್ಲಿ ನೋಡಲು ಹೋಗುವುದು 1692ರಲ್ಲಿ ತೀರಿಕೊಂಡ ಪಾದ್ರಿ ಥಾಮಸ್ ಹಾಗ್ ಅವರ ಕಲ್ಲನ್ನು. ನಂಬಿಕೆಗಾಗಿ ಸೆರೆಮನೆ ಕಂಡಿದ್ದ ಅವರು ತಮ್ಮನ್ನು ಚರ್ಚಿನ ಹೊಸ್ತಿಲಲ್ಲಿ ಹೂಳಬೇಕೆಂದು ಹೇಳಿದ್ದರಂತೆ. ಈ ಊರಿನವರು ದೈವಭಕ್ತಿಯಿಲ್ಲದ ಪಾದ್ರಿಯನ್ನು ಇಲ್ಲಿಗೆ ಕರೆತಂದರೆ ಈ ಕಲ್ಲೇ ಅವರ ವಿರುದ್ಧ ಸಾಕ್ಷಿ ಹೇಳುತ್ತದೆ ಎಂದು ಅದರ ಮೇಲೆ ಕೆತ್ತಿದೆ. ಶಾಪಾಶಯದ ಶಾಸನಗಳನ್ನು ಊರೂರಿನಲ್ಲಿ ಕಂಡು ಬೆಳೆದವರಿಗೆ ಆ ಕಲ್ಲಿನ ಧಾಟಿ ಹೊಸದೇನಲ್ಲ.

ಇನ್ನು ಸಂಬಂಧವೇ ಬೇಕೆನ್ನುವ ಮಾವನಂಥವರಿಗೆ. ಇವಾಂಟನ್ ಊರಿನ ಮೇಲೆ 453 ಮೀಟರ್ ಎತ್ತರದ ಫೈರಿಶ್ ಗುಡ್ಡವಿದೆ. ಪೈನ್ ಮರಗಳ ನಡುವೆ ಹತ್ತಿ, ಹೆದರ್ ಗಿಡಗಳ ಬಯಲು ತಲುಪಿದಾಗ, ನೆತ್ತಿಯ ಮೇಲೆ ಕಮಾನುಗಳುಳ್ಳ ದೊಡ್ಡ ಕಲ್ಲಿನ ರಚನೆಯೊಂದು ಎದುರಾಗುತ್ತದೆ. ಹತ್ತಿರ ಹೋದರೆ ಅದು ಒರಟು ಕಲ್ಲುಗಳ ಕೆಲಸವೆಂದು ತಿಳಿಯುತ್ತದೆ. ಗಾರೆಯ ಸಂದುಗಳಲ್ಲಿ ಹಾವಸೆ ಕೂತಿದೆ, ಕಮಾನಿನೊಳಗೆ ನಿಂತರೆ ಗಾಳಿಗೆ ಕಿವಿ ನೋಯುತ್ತದೆ. ಇದು ತಮಿಳುನಾಡಿನ ನಾಗಪಟ್ಟಣದ ಕೋಟೆಬಾಗಿಲಿನ ಮಾದರಿ ಎನ್ನುತ್ತಾರೆ. 1781ರಲ್ಲಿ ಡಚ್ಚರಿಂದ ನಾಗಪಟ್ಟಣವನ್ನು ಗೆದ್ದ ಸರ್ ಹೆಕ್ಟರ್ ಮನ್ರೋ ಊರಿಗೆ ಮರಳಿ ಇದನ್ನು ಕಟ್ಟಿಸಿದ. ಅವನು ಮನ್ರೋಗಳ ನೊವಾರ್ ಕವಲಿನವನು.

ಗೆಲುವಿಗೆ ಕಮಾನು ಎದ್ದಿತು, ಹಿಂದಿನ ವರ್ಷದ ಸೋಲಿಗೆ ಗುಡ್ಡದ ಮೇಲೆ ಕಲ್ಲಿಲ್ಲ. 1780ರ ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಹೈದರ್ ಮತ್ತು ಟಿಪ್ಪು ಕರ್ನಲ್ ಬೇಯ್ಲಿಯ ಪಡೆಯನ್ನು ಮುತ್ತಿದಾಗ, ಹತ್ತಿರದ ಕಂಚಿಯಲ್ಲಿ ಸೈನ್ಯದೊಡನೆ ಇದ್ದ ಇದೇ ಹೆಕ್ಟರ್ ಸಮಯಕ್ಕೆ ಸರಿಯಾಗಿ ನೆರವಿಗೆ ಹೋಗಲಿಲ್ಲ. ಸುದ್ದಿ ತಿಳಿದ ಮೇಲೆ ಭಾರೀ ತೋಪುಗಳನ್ನು ಕೆರೆಗೆ ತಳ್ಳಿ ಮದರಾಸಿಗೆ ಹಿಮ್ಮೆಟ್ಟಿದ. ಸೆರೆ ಸಿಕ್ಕ ಬೇಯ್ಲಿ 1782ರಲ್ಲಿ ಶ್ರೀರಂಗಪಟ್ಟಣದಲ್ಲೇ ಸತ್ತ. ಅವನೊಡನೆ ಸಿಕ್ಕಿಬಿದ್ದವರಲ್ಲಿ, ಲಾರ್ಡ್ ಮ್ಯಾಕ್ಲಿಯಾಡ್ ಹೈಲ್ಯಾಂಡಿನಲ್ಲಿ ಜನ ಸೇರಿಸಿ ಕಟ್ಟಿದ 73ನೆಯ ರೆಜಿಮೆಂಟಿನ ಸೈನಿಕರೂ ಇದ್ದರು. ಆ ಕದನವನ್ನು ದರಿಯಾ ದೌಲತ್ ಅರಮನೆಯ ಪಡುಗೋಡೆಯ ಮೇಲೆ ಬಣ್ಣಗಳಲ್ಲಿ ಬರೆಸಿದ್ದಾರೆ; ಶಾಲೆಯ ಪ್ರವಾಸದಲ್ಲಿ ನಾವೆಲ್ಲ ಅದರ ಮುಂದೆ ಸಾಲಾಗಿ ನಿಂತವರೇ. ಹೆಕ್ಟರನ ಮಗನೊಬ್ಬ 1792ರ ಡಿಸೆಂಬರಿನಲ್ಲಿ ಬಂಗಾಳದ ಸಾಗರ ದ್ವೀಪದಲ್ಲಿ ಹುಲಿಯ ಬಾಯಿಗೆ ಸಿಕ್ಕಿ ಸತ್ತ. ಬಿಳಿಯನ ಮೇಲೆ ಎರಗಿದ ಟಿಪ್ಪುವಿನ ಮರದ ಹುಲಿಗೆ ಈ ಸಾವೇ ಪ್ರೇರಣೆಯಿರಬಹುದೆಂದು ಕೆಲವರು ಊಹಿಸಿದ್ದಾರೆ. ಆ ಹುಲಿ ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. ಹೀಗೆ, ಶ್ರೀರಂಗಪಟ್ಟಣದ ಕಥೆಯ ಅರ್ಧ ಭಾಗ ನಮ್ಮ ಗೋಡೆಯ ಮೇಲಿದ್ದರೆ ಉಳಿದರ್ಧದ ಜನ ಹೊರಟು ಬಂದದ್ದು ಈ ಗುಡ್ಡಗಾಡಿನಿಂದ.

ಇಷ್ಟು ಹೇಳಿದರೆ ಕೇಳಿದವರಿಗೆ ಸಮಾಧಾನವಾಗುತ್ತದೆ, ನನಗೆ ಆಗುವುದಿಲ್ಲ. ಫೈರಿಶ್ ಗುಡ್ಡದ ಚಿತ್ರ ತೋರಿಸಿದಾಗ ಎಲ್ಲರೂ ಕೇಳುವುದು ಕಟ್ಟಿಸಿದವನು ಯಾರೆಂದು. ಅಷ್ಟು ಕಲ್ಲನ್ನು ಮೇಲಕ್ಕೆ ಹೊತ್ತವರು ಯಾರೆಂದು ಒಬ್ಬರಾದರೂ ಕೇಳಬಾರದೇ? ಸ್ಥಳೀಯರು ಹೇಳುವ ಕಥೆಯೊಂದಿದೆ. ಕೆಲಸವಿಲ್ಲದ ಬಡವರಿಗೆ ಕೂಲಿ ಸಿಗಲೆಂದು ಹೆಕ್ಟರ್ ಈ ಕಟ್ಟಡ ಶುರುಮಾಡಿದ, ಕೂಲಿಯ ದಿನಗಳು ಹೆಚ್ಚಲೆಂದು ಮೇಲೆ ತಂದ ಕಲ್ಲುಗಳನ್ನು ತಾನೇ ಮತ್ತೆ ಕೆಳಕ್ಕೆ ಉರುಳಿಸುತ್ತಿದ್ದ ಎನ್ನುತ್ತಾರೆ. ಇದನ್ನು ಧರ್ಮಕಾರ್ಯವೆಂದು ಮೆಚ್ಚಿಕೊಂಡು ಹೇಳುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಹೊತ್ತು ತಂದ ಕಲ್ಲು ಕಣ್ಣೆದುರೇ ಉರುಳಿ ಹೋಗುವುದನ್ನು ನೋಡಿ ಮತ್ತೆ ಬೆನ್ನು ಬಗ್ಗಿಸಿದವನ ಮನಸ್ಸನ್ನು ಆ ಕಥೆ ಲೆಕ್ಕಕ್ಕೇ ಇಟ್ಟಿಲ್ಲ.

ಕೆಲವೇ ವರ್ಷಗಳಲ್ಲಿ ಅದೇ ಹೆಕ್ಟರ್ ಕಿಲ್ಡರ್ಮೋರಿಯ ಹುಲ್ಲುಗಾವಲನ್ನು ಹೊರಗಿನಿಂದ ಬಂದ ಕುರಿ ಸಾಕಣೆದಾರರಿಗೆ ಗುತ್ತಿಗೆ ಕೊಟ್ಟ. ದನ ಮೇಯಿಸಿಕೊಂಡು ಬದುಕಿದ್ದ ಒಕ್ಕಲುಗಳಿಗೆ ಮೇವಿನ ನೆಲ ತಪ್ಪಿತು. ಗುತ್ತಿಗೆದಾರರು ಪಕ್ಕದ ಸ್ಟ್ರಾತ್‌ರಸ್‌ಡೇಲ್ ಕಣಿವೆಯವರ ದನಗಳನ್ನು ಕಟ್ಟಿಹಾಕಿದಾಗ ಜನ ಗುಂಪಾಗಿ ಹೋಗಿ ಬಿಡಿಸಿಕೊಂಡು ಬಂದರು. 1792ರ ಬೇಸಿಗೆಯಲ್ಲಿ ಅವರು ಇನ್ನೂ ಮುಂದೆ ಹೋಗಿ, ಸೀಮೆಯಲ್ಲಿದ್ದ ಸಾವಿರಾರು ಕುರಿಗಳನ್ನು ಕೂಡಿಸಿ ದಕ್ಷಿಣಕ್ಕೆ ಅಟ್ಟಲು ಹೊರಟರು. ಫ್ರಾನ್ಸಿನ ಕ್ರಾಂತಿಯ ಸುದ್ದಿಯಿಂದಲೇ ಬೆದರಿದ್ದ ಅಧಿಕಾರಿಗಳು ಸೈನ್ಯವನ್ನು ಕರೆಸಿದರು. ಬಂದದ್ದು ಬ್ಲ್ಯಾಕ್ ವಾಚ್ ಪಡೆ; ಫಾಲ್ಕರ್ಕಿನಲ್ಲಿ ಸತ್ತ ಸರ್ ರಾಬರ್ಟ್ ಮನ್ರೋ ಒಂದು ಕಾಲಕ್ಕೆ ಮುನ್ನಡೆಸಿದ್ದ ಪಡೆ. ಜನ ಚದುರಿದರು, ಹಲವರ ಬಂಧನವಾಯಿತು, ಇನ್ವರ್ನೆಸ್ಸಿನಲ್ಲಿ ವಿಚಾರಣೆ ನಡೆಯಿತು. ಗಡಿಪಾರಿನ ಶಿಕ್ಷೆಗೆ ಗುರಿಯಾದ ಇಬ್ಬರು ಅಲ್ಲಿನ ಸೆರೆಮನೆಯಿಂದ ತಪ್ಪಿಸಿಕೊಂಡರು, ಮತ್ತೆಂದೂ ಸಿಗಲಿಲ್ಲ. ನಾನು ದಿನಾ ಕೆಲಸಕ್ಕೆ ಹೋಗುವುದು ಅದೇ ಊರಿನ ಬೀದಿಗಳಲ್ಲಿ. ಆ ಇಬ್ಬರು ಯಾವ ದಾರಿ ಹಿಡಿದಿರಬಹುದೆಂದು ಎಷ್ಟೋ ಸಲ ಯೋಚಿಸಿದ್ದೇನೆ.

ಮಾವ ಒಂದು ಸಲ ಇಲ್ಲಿಗೆ ಬರಲಿ. ಲಾಕ್ ನೆಸ್ಸಿಗೂ ಕರೆದುಕೊಂಡು ಹೋಗುತ್ತೇನೆ, ಬೇಡವೆನ್ನುವುದಿಲ್ಲ. ಆದರೆ ಮೊದಲ ದಿನ ಆಲ್‌ನೆಸ್ ಹೊಳೆಯ ಗುಂಟ ಮೇಲೆ ಹೋಗಿ ಮೋರಿ ಸರೋವರದ ಬಳಿ ಕಾರು ನಿಲ್ಲಿಸಿ ಕಿಲ್ಡರ್ಮೋರಿಯ ಕಡೆಗೆ ನಡೆಯೋಣ, ಮರುದಿನ ಫೈರಿಶ್ ಹತ್ತೋಣ. ಮಂಡಿ ನೋವಿದ್ದರೂ ನಿಧಾನವಾಗಿ ಹತ್ತಬಹುದಾದ ಗುಡ್ಡವದು. ಗಾಳಿಗೆ ಉಣ್ಣೆಯ ಟೋಪಿ ಮಾತ್ರ ಬೇಕೇ ಬೇಕು.