ಅಪ್ಪನ ಕಾರಿನ ಬಣ್ಣ

ರಾಜಾಜಿನಗರದ ಕೈಗಾರಿಕಾ ಪ್ರದೇಶದ ಆ ಶೆಡ್ಡಿನೊಳಗೆ ಕಾರು ನಿಲ್ಲಿಸಿ ಇಳಿಯುವಷ್ಟರಲ್ಲೇ ಅಂಗಡಿಯ ಮಾಲೀಕರು ಬಾನೆಟ್ಟಿನ ಮೇಲೆ ಟಾರ್ಚ್ ಬಿಟ್ಟರು. ಬೆಳಕು ಬಿದ್ದಲ್ಲೆಲ್ಲ ಗೀರುಗಳು. ಒಂದರ ಸುತ್ತ ಇನ್ನೊಂದು, ಕಂಡೂ ಕಾಣದಷ್ಟು ಸಣ್ಣವು, ಲೆಕ್ಕಕ್ಕೆ ಸಿಗದಷ್ಟು. ಹಗಲಿನಲ್ಲಿ ಕಡುನೀಲಿಯಾಗಿ ಕಾಣುತ್ತಿದ್ದ ಕಾರು ಟಾರ್ಚಿನ ಕೆಳಗೆ ಬೂದು ಬಣ್ಣಕ್ಕೆ ತಿರುಗಿತ್ತು.

"ಇವು ರಸ್ತೆಯಲ್ಲಿ ಆದ ಗೀರುಗಳಲ್ಲ ಮೇಡಂ. ಒರೆಸಿ ಒರೆಸಿ ಆದವು" ಎಂದರು.

ಕಾರು ಅಪ್ಪನದು. ನಿವೃತ್ತರಾದ ವರ್ಷ ತಮ್ಮ ಹಣದಲ್ಲಿ ಕೊಂಡು, ಮೈಸೂರಿನ ಮನೆಯ ಮುಂದೆ ಮಗುವನ್ನು ನೋಡಿಕೊಂಡ ಹಾಗೆ ನೋಡಿಕೊಂಡಿದ್ದರು. ಮೊಣಕಾಲು ನೋವು ಹೆಚ್ಚಾಗಿ ಕ್ಲಚ್ ಒತ್ತುವುದು ಕಷ್ಟವಾದ ಮೇಲೆ ಕೀಲಿಯನ್ನು ನನ್ನ ಕೈಗಿಟ್ಟರು. ಬೆಂಗಳೂರಿಗೆ ಬಂದ ಮೇಲೆ ಅದರ ಪಾಡು ಬೇರೆಯಾಯಿತು. ಹಗಲೆಲ್ಲ ಕಚೇರಿಯ ಹೊರಗೆ ಮಳೆಮರದ ಕೆಳಗೆ, ರಾತ್ರಿ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ. ಪಕ್ಕದ ನಿವೇಶನದಲ್ಲಿ ಕಟ್ಟಡ ಏಳುತ್ತಿತ್ತು, ಹಾಗಾಗಿ ಸಿಮೆಂಟಿನ ದೂಳು ತಪ್ಪುತ್ತಿರಲಿಲ್ಲ. ಆ ಬಣ್ಣವನ್ನು ಉಳಿಸಿಕೊಳ್ಳಬೇಕೆಂಬ ಆಸೆ ನನಗೆ ನಿಜವಾಗಿಯೂ ಇತ್ತು. ಆದ್ದರಿಂದಲೇ ಒಂದು ದಿನ ರಜೆ ಹಾಕಿ, ಬಣ್ಣವನ್ನು ಕಾಯಲು ಅದರ ಮೇಲೆ ಹಚ್ಚುವ ಸೆರಾಮಿಕ್ ಕೋಟಿಂಗ್ ಎಂದರೆ ಏನು ಮಾಡುತ್ತಾರೆಂದು ಕಣ್ಣಾರೆ ನೋಡಲು ಅಲ್ಲೇ ಕುರ್ಚಿ ಹಾಕಿಕೊಂಡು ಕುಳಿತೆ.

ಮೊದಲು ಅವರು ತೆಗೆದದ್ದು ಅಂಗೈಯಗಲದ ಒಂದು ಮಾಪಕವನ್ನು. ಬಣ್ಣದ ಮೇಲಿಟ್ಟರೆ ಕೆಳಗಿನ ಉಕ್ಕಿನವರೆಗೆ ಎಷ್ಟು ದಪ್ಪವಿದೆ ಎಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲಾದ ಮೈಕ್ರಾನ್‌ಗಳಲ್ಲಿ ತೋರಿಸುತ್ತದೆ. ಕಾರ್ಖಾನೆಯಿಂದ ಬಂದ ಬಣ್ಣವೆಂದರೆ ಹಲವು ಪದರಗಳು: ತುಕ್ಕು ತಡೆಯುವ ಲೇಪ, ಪ್ರೈಮರ್, ನಾವು ನೋಡುವ ಬಣ್ಣ, ಎಲ್ಲಕ್ಕಿಂತ ಮೇಲೆ ಪಾರದರ್ಶಕವಾದ ಕ್ಲಿಯರ್ ಕೋಟ್. ಇಷ್ಟೂ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ನಮ್ಮ ತಲೆಗೂದಲೇ ಸುಮಾರು 70 ಮೈಕ್ರಾನ್ ಇರುತ್ತದೆ. ಹೊಳಪೆಲ್ಲ ಇರುವುದು ಆ ಕ್ಲಿಯರ್ ಕೋಟಿನಲ್ಲಿ. ಅದರ ದಪ್ಪ 50 ಮೈಕ್ರಾನ್ ದಾಟುವುದು ಅಪರೂಪ. ನಾನು ನೋಡಿದ ಗೀರುಗಳೆಲ್ಲ ಇದ್ದದ್ದು ಅಲ್ಲೇ.

ಬಾನೆಟ್ 112, ಛಾವಣಿ 108, ಮುಂದಿನ ಬಾಗಿಲುಗಳು 115ರ ಆಸುಪಾಸು. ಹಿಂದಿನ ಎಡಬಾಗಿಲಿನ ಮೇಲಿಟ್ಟಾಗ 264 ಎಂದು ತೋರಿಸಿತು. ಮಾಲೀಕರು ಮಾಪಕವನ್ನು ಸ್ವಲ್ಪ ಸರಿಸಿ ಮತ್ತೆ ಇಟ್ಟರು. 271.

"ಈ ಬಾಗಿಲಿಗೆ ಆಮೇಲೆ ಹೊರಗೆಲ್ಲೋ ಮತ್ತೆ ಬಣ್ಣ ಹೊಡೆಸಿದ್ದಾರೆ ಮೇಡಂ" ಎಂದರು.

ಇಲ್ಲವೇ ಇಲ್ಲ, ಈ ಕಾರಿಗೆ ಒಂದು ಗೀಚೂ ಬಿದ್ದಿಲ್ಲವೆಂದು ಅಪ್ಪ ಊರಿಗೆಲ್ಲ ಹೇಳಿಕೊಂಡು ಬಂದವರು ಎಂದೆ. ಅವರು ಏನೂ ಹೇಳದೆ ಬಾಗಿಲಿನ ಅಂಚಿನ ರಬ್ಬರನ್ನು ಬೆರಳಿನಿಂದ ಸ್ವಲ್ಪ ಸರಿಸಿ ತೋರಿಸಿದರು. ಒಳಗೆ ಬಣ್ಣ ನಿಂತ ಗೆರೆ ಸ್ಪಷ್ಟವಾಗಿತ್ತು. ಅಲ್ಲಿಂದಲೇ ಅಪ್ಪನಿಗೆ ಫೋನ್ ಮಾಡಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಸರಸ್ವತಿಪುರದಲ್ಲಿ ರಿವರ್ಸ್ ತೆಗೆಯುವಾಗ ಗೇಟಿಗೆ ತಾಗಿತ್ತು ಕಣಮ್ಮ. ನೀನು ಕಾರು ಓಡಿಸಬೇಡಿ ಅನ್ನುತ್ತೀಯೆಂದು ಹೇಳಲಿಲ್ಲ. ನಿನ್ನ ಅಮ್ಮನಿಗೆ ಗೊತ್ತು" ಎಂದು ನಕ್ಕರು. ಇಷ್ಟು ವರ್ಷ ಇಬ್ಬರೂ ಸೇರಿ ಬಚ್ಚಿಟ್ಟ ಗುಟ್ಟನ್ನು ಅಂಗೈಯಗಲದ ಮಾಪಕ ಹೇಳಿಬಿಟ್ಟಿತ್ತು.

ಅದು ಬರೀ ನಗುವ ವಿಷಯವಲ್ಲ ಎಂದು ಮಾಲೀಕರು ವಿವರಿಸಿದರು. ಮಾಪಕ ಹೇಳುವುದು ಒಟ್ಟು ದಪ್ಪವನ್ನು ಮಾತ್ರ. ಅದರಲ್ಲಿ ಕ್ಲಿಯರ್ ಕೋಟ್ ಎಷ್ಟು, ತಗ್ಗು ತುಂಬಲು ಮೆತ್ತಿದ ಪುಟ್ಟಿ ಎಷ್ಟು ಎಂದು ಬಿಡಿಸಿ ಹೇಳುವುದಿಲ್ಲ. ಹೊರಗೆ ಹೊಡೆದ ಬಣ್ಣ ಕಾರ್ಖಾನೆಯದಕ್ಕಿಂತ ಮೆತ್ತಗಿರಬಹುದು, ಬೇಗ ಸವೆಯಬಹುದು. ಆದ್ದರಿಂದ ಆ ಬಾಗಿಲಿನ ಮೇಲೆ ಯಂತ್ರವನ್ನು ಹಗುರವಾಗಿ ಓಡಿಸುವಂತೆ ಹುಡುಗರಿಗೆ ಹೇಳಿದರು.

ತೊಳೆಯುವುದಕ್ಕೇ ಅರ್ಧ ಬೆಳಗ್ಗೆ ಹಿಡಿಯಿತು. ನೊರೆ ಸಿಂಪಡಿಸಿ, ಅದು ದೂಳನ್ನು ಹೊತ್ತು ಇಳಿಯುವವರೆಗೆ ಯಾರೂ ಕಾರನ್ನು ಮುಟ್ಟಲಿಲ್ಲ. ನಂತರ ಇನ್ನೊಂದು ದ್ರವ. ಸಿಂಪಡಿಸಿದ ಒಂದೆರಡು ನಿಮಿಷದಲ್ಲಿ ಚಕ್ರಗಳಿಂದಲೂ ಬಾಗಿಲುಗಳ ಕೆಳಭಾಗದಿಂದಲೂ ನೇರಳೆ ಬಣ್ಣದ ಧಾರೆಗಳು ಇಳಿಯತೊಡಗಿದವು, ಜೊತೆಗೆ ಕೊಳೆತ ಮೊಟ್ಟೆಯ ವಾಸನೆ. ಬ್ರೇಕ್ ಹಾಕಿದಾಗಲೆಲ್ಲ ಹಾರುವ ಕಬ್ಬಿಣದ ಪುಡಿ ಬಣ್ಣಕ್ಕೆ ಕಚ್ಚಿಕೊಂಡಿರುತ್ತದೆ. ಆ ದ್ರವ ಕಬ್ಬಿಣದೊಡನೆ ವರ್ತಿಸಿ ನೇರಳೆಯಾಗಿ ಕರಗಿ ಬರುತ್ತದೆ. ಹುಡುಗರು ಮುಖಗವಸು ಹಾಕಿಕೊಂಡಿದ್ದರು.

ಆಮೇಲೆ ಮಾಲೀಕರು ನನ್ನ ಕೈಗೆ ತೆಳುವಾದ ಪ್ಲಾಸ್ಟಿಕ್ ಚೀಲ ಕೊಟ್ಟು, ಅದರೊಳಗೆ ಕೈ ಹಾಕಿ ಬಾನೆಟ್ ಸವರಲು ಹೇಳಿದರು. ಬರಿಗೈಗೆ ನುಣ್ಣಗೆ ಅನ್ನಿಸಿದ್ದ ಬಣ್ಣ ಚೀಲದ ಮೂಲಕ ಮರಳು ಕಾಗದದ ಹಾಗೆ ಒರಟಾಗಿತ್ತು. ಚೀಲ ಬೆರಳಿನ ಮೇಲೆ ಜಾರುವುದರಿಂದ ಸಣ್ಣ ಕಣವೂ ತಿಳಿಯುತ್ತದೆಯಂತೆ. ಸಿಮೆಂಟು, ಮರದ ಅಂಟು, ಡಾಂಬರಿನ ಚುಕ್ಕೆ, ಎಲ್ಲ ತೊಳೆದರೂ ಹೋಗದೆ ಕೂತಿದ್ದವು. ಜಾರಲು ಸೋಪಿನ ನೀರು ಸಿಂಪಡಿಸಿಕೊಂಡು, ಕ್ಲೇ ಎನ್ನುವ ಮೆದುವಾದ ಮುದ್ದೆಯನ್ನು ಒತ್ತದೆ ಹಿಂದೆ ಮುಂದೆ ಓಡಿಸಿ ಅವನ್ನೆಲ್ಲ ಎತ್ತಿದರು. ಬಿಳಿ ಮುದ್ದೆ ಕಂದು ಬಣ್ಣಕ್ಕೆ ತಿರುಗಿತು. ಮತ್ತೆ ಚೀಲ ಹಾಕಿ ಸವರಿದೆ. ಈ ಸಲ ಕೈ ಗಾಜಿನ ಮೇಲೆ ಜಾರಿದಂತೆ ಜಾರಿತು.

ಮಧ್ಯಾಹ್ನದಿಂದ ಸಂಜೆಯವರೆಗೆ ಪಾಲಿಶ್. ನನಗೆ ಇಡೀ ದಿನದ ಅತ್ಯಂತ ಮುಖ್ಯ ಪಾಠ ಸಿಕ್ಕಿದ್ದು ಈ ಹೊತ್ತಿನಲ್ಲಿ. ಹೊಳಪು ತರುವುದು ಬಾಟಲಿಯಲ್ಲಿ ಬರುವ ಕೋಟಿಂಗ್ ದ್ರವವೆಂದು ನಾನೂ ನಂಬಿದ್ದೆ, ಜಾಹೀರಾತುಗಳು ಹೇಳುವುದೂ ಹಾಗೆಯೇ. ನಿಜದಲ್ಲಿ ಗೀರು ಹೋಗುವುದು ಪಾಲಿಶ್‌ನಿಂದ. ಅಂದರೆ ಕ್ಲಿಯರ್ ಕೋಟನ್ನೇ ಒಂದೆರಡು ಮೈಕ್ರಾನ್ ಸವೆಸಿ, ಗೀರಿನ ತಳದ ಮಟ್ಟಕ್ಕೆ ತಂದು. ಹೋದ ಕ್ಲಿಯರ್ ಕೋಟ್ ಮತ್ತೆ ಬೆಳೆಯುವುದಿಲ್ಲ. ಕೋಟಿಂಗ್ ಗೀರನ್ನು ಅಳಿಸುವುದಿಲ್ಲ. ಗೀರಿರುವ ಬಣ್ಣದ ಮೇಲೆ ಹಚ್ಚಿದರೆ ಗೀರೂ ಅದರಡಿಯಲ್ಲಿ ಹಾಗೆಯೇ ಉಳಿಯುತ್ತದೆ. ತನ್ನ ಸುತ್ತಲೂ ತಿರುಗುತ್ತ, ಜೊತೆಗೇ ಸಣ್ಣ ವೃತ್ತದಲ್ಲೂ ಸುತ್ತುವ ಯಂತ್ರಕ್ಕೆ ಸ್ಪಂಜಿನ ಬಿಲ್ಲೆ ಕಟ್ಟಿ, ಒಬ್ಬ ಹುಡುಗ ಮೊಳದಗಲದ ಜಾಗವನ್ನು ಟೇಪಿನಿಂದ ಗುರುತಿಸಿಕೊಂಡು ನಿಧಾನವಾಗಿ ತಿರುಗಿಸುತ್ತಿದ್ದ. ಆಗಾಗ ಬಣ್ಣ ಬಿಸಿಯಾಗಿದೆಯೇ ಎಂದು ಅಂಗೈ ಇಟ್ಟು ನೋಡುತ್ತಿದ್ದ. ಒಂದು ತುಂಡು ಮುಗಿದ ಮೇಲೆ ಟೇಪು ಕಿತ್ತು ಟಾರ್ಚ್ ಬಿಟ್ಟರು. ಗೆರೆಯ ಈಚೆ ಬೂದು, ಆಚೆ ಅಪ್ಪ ಕೊಂಡ ದಿನದ ಕಡುನೀಲಿ. ಎದ್ದು ಹತ್ತಿರ ಹೋಗಿ ಬಹಳ ಹೊತ್ತು ನೋಡಿದೆ.

"ನೂರರಲ್ಲಿ ಎಂಬತ್ತು ಕೆಲಸ ಇಷ್ಟೇ ಮೇಡಂ. ಬಾಟಲಿಯದು ಕೊನೆಯಲ್ಲಿ" ಎಂದು ಆ ಹುಡುಗ ಹೇಳಿದ.

ಆ ಬಾಟಲಿ ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದು, 50 ಮಿಲಿಲೀಟರ್. ಸಿಲಿಕಾದ ಮೂಲದಿಂದ ಮಾಡಿದ ದ್ರವ. ಮೊದಲು ಐಸೊಪ್ರೊಪೈಲ್ ಆಲ್ಕೊಹಾಲ್ ಬೆರೆಸಿದ ನೀರಿನಿಂದ ಕಾರನ್ನು ಒರೆಸಿ ಪಾಲಿಶ್‌ನ ಎಣ್ಣೆಯಂಶ ತೆಗೆದರು. ಎಣ್ಣೆ ಉಳಿದರೆ ಕೋಟಿಂಗ್ ಬಣ್ಣಕ್ಕೆ ಹಿಡಿಯುವುದಿಲ್ಲ. ಆಮೇಲೆ ಚಿಕ್ಕ ಸ್ಪಂಜಿನ ತುಂಡಿಗೆ ಬಟ್ಟೆ ಸುತ್ತಿ, ಕೆಲವೇ ಹನಿ ಹಾಕಿ, ಅಡ್ಡಕ್ಕೊಮ್ಮೆ ಉದ್ದಕ್ಕೊಮ್ಮೆ ಸವರಿದರು. ಸವರಿದಲ್ಲಿ ಕಾಮನಬಿಲ್ಲಿನ ಬಣ್ಣಗಳು ಎದ್ದು ತೇಲಿದವು. ಆಗ ಕಾಯಬೇಕು, ಆದರೆ ಹೆಚ್ಚು ಕಾಯಬಾರದು. ಸೆಖೆ ಮತ್ತು ಗಾಳಿಯ ತೇವ ನೋಡಿ ಒಂದು ನಿಮಿಷವೋ ಎರಡೋ. ನಂತರ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ ಸಮ ಮಾಡಿದರು. ಒಂದು ಮೂಲೆಯಲ್ಲಿ ಒರೆಸುವುದು ಉಳಿದರೂ ಅದು ಗಟ್ಟಿಯಾಗಿ ಕಲೆಯಾಗುತ್ತದೆ. ತೆಗೆಯಲು ಮತ್ತೆ ಪಾಲಿಶ್ ಯಂತ್ರವೇ ಬೇಕು. ಮಾಲೀಕರು ಒಬ್ಬ ಹುಡುಗನನ್ನು ಟಾರ್ಚ್ ಹಿಡಿದು ಹಿಂದೆ ಹಿಂದೆಯೇ ಬರುವಂತೆ ನಿಲ್ಲಿಸಿದ್ದು ಅದಕ್ಕೆ.

ಇಷ್ಟೆಲ್ಲ ಆದ ಮೇಲೆ ಕಾರಿನ ಮೇಲೆ ಹೊಸದಾಗಿ ಕೂತ ಪದರ ಒಂದೆರಡು ಮೈಕ್ರಾನ್ ಮಾತ್ರ. ಇದನ್ನು ಕೊಳ್ಳುವವರು ಈ ಅಂಕಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಲೇಬೇಕು. ಮೈಸೂರಿನ ಹೆದ್ದಾರಿಯಲ್ಲಿ ಮುಂದಿನ ಲಾರಿಯಿಂದ ಹಾರಿ ಬರುವ ಕಲ್ಲನ್ನು ಒಂದೆರಡು ಮೈಕ್ರಾನ್ ತಡೆಯಲಾರದು. ಅದಕ್ಕೆ ಪಾಲಿಯುರೆಥೇನ್‌ನ ದಪ್ಪ ಹಾಳೆ ಅಂಟಿಸಬೇಕು. 150 ಮೈಕ್ರಾನ್ ಮೇಲ್ಪಟ್ಟು ಇರುವ ಅದರ ಖರ್ಚೂ ಬಹಳ ಹೆಚ್ಚು. ಬಾಟಲಿಯ ಮೇಲೆ ದೊಡ್ಡದಾಗಿ ಬರೆದಿರುವ 9ಎಚ್ ಎಂಬುದು ಪೆನ್ಸಿಲಿನ ಗಡಸುತನದ ಅಳತೆ. ಗಟ್ಟಿ ಪೆನ್ಸಿಲಿನಿಂದ ಒತ್ತಿ ಎಳೆದರೆ ಗೀರು ಬೀಳದು ಎಂದಷ್ಟೇ ಅದರ ಅರ್ಥ. ನಮ್ಮ ರಸ್ತೆಯ ಮರಳಿನಲ್ಲಿರುವ ಬೆಣಚುಕಲ್ಲಿನ ಕಣ ಪೆನ್ಸಿಲಿಗಿಂತ ಎಷ್ಟೋ ಗಟ್ಟಿ. ಬಾನೆಟ್ಟಿನ ಮೇಲೆ ಬೆಂಕಿಪೊಟ್ಟಣ ಗೀರಿ ತೋರಿಸುವ ವಿಡಿಯೊಗಳನ್ನು ನೋಡಿ ಹಣ ಕೊಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಕೋಟಿಂಗ್ ನಿಜವಾಗಿ ಮಾಡುವ ಉಪಕಾರ ಬೇರೆ, ಅದು ಸಣ್ಣದೂ ಅಲ್ಲ. ಕೊಳೆ ಬಣ್ಣಕ್ಕೆ ಅಂಟಿಕೊಳ್ಳುವುದು ಕಡಿಮೆಯಾಗುತ್ತದೆ, ತೊಳೆಯುವುದು ಸುಲಭವಾಗುತ್ತದೆ, ಹಕ್ಕಿಯ ಹಿಕ್ಕೆ ಕ್ಲಿಯರ್ ಕೋಟನ್ನು ತಿನ್ನುವ ಮೊದಲು ಒರೆಸಲು ಒಂದಿಷ್ಟು ಸಮಯ ಸಿಗುತ್ತದೆ.

ರಾತ್ರಿ ಕಾರು ಅಲ್ಲೇ ಉಳಿಯಿತು. ಮರುದಿನ ಕೀಲಿ ಕೊಡುವಾಗ ವಾರದವರೆಗೆ ಶಾಂಪೂ ಹಾಕಿ ತೊಳೆಯಬೇಡಿ ಎಂದರು. ಆ ವಾರ ಮುಗಿಯುವ ಹೊತ್ತಿಗೆ ಆಯುಧಪೂಜೆ ಬಂದೇಬಿಟ್ಟಿತು. ಅಪ್ಪ ಅಮ್ಮ ಇಬ್ಬರೂ ಬಂದಿದ್ದರು. ಅಮ್ಮ ಕುಂಕುಮ, ವಿಭೂತಿ, ಬಾಳೆಕಂದು, ಬೂದುಗುಂಬಳ ಎಲ್ಲ ಸಜ್ಜು ಮಾಡಿಕೊಂಡು ಇಳಿದರು. ಕುಂಕುಮವೆಂದರೆ ಅರಿಸಿನಕ್ಕೆ ಸುಣ್ಣ ಸೇರಿದ್ದು. ಕಲಸಿ ಹಚ್ಚಿ ಬಿಸಿಲಿನಲ್ಲಿ ಒಣಗಿಸಿ, ಆಮೇಲೆ ಒಣಬಟ್ಟೆಯಲ್ಲಿ ತಿಕ್ಕಿದರೆ ಬಣ್ಣಕ್ಕೆ ಕೇಡು. ಬಾಳೆಯ ಸೊನೆಯೂ ಕಲೆ ಬಿಡುತ್ತದೆ. "ಬಾನೆಟ್ಟಿಗೆ ಕುಂಕುಮ ಇಡಬಾರದು ಅಂದರೆ ಅದೆಂಥ ಪೂಜೆ?" ಎಂದು ಅಮ್ಮ ನಿಂತೇ ಬಿಟ್ಟರು. ಅಪ್ಪ ನಡುವೆ ಬಂದು, ಮುಂದಿನ ಗಾಜಿನ ಮೇಲೆ ಮೂರು ಬೆರಳು ವಿಭೂತಿ ಎಳೆದು, ನಂಬರ್ ಪ್ಲೇಟಿಗೆ ಕುಂಕುಮ ಇಡಿಸಿ, ಹೂವಿನ ಹಾರವನ್ನು ಟೇಪು ಅಂಟಿಸದೆ ದಾರದಲ್ಲಿ ಕಟ್ಟಿದರು. ಚಕ್ರದ ಕೆಳಗೆ ನಿಂಬೆಹಣ್ಣು ಎಂದಿನಂತೆ. ಅಮ್ಮ ಒಪ್ಪಿದರು. ಆ ಸಂಜೆ ಮಳೆ ಬಂತು. ಅಜ್ಜಿಯ ಮನೆಯ ಹಿತ್ತಲಿನ ಕೆಸುವಿನೆಲೆಯ ಮೇಲೆ ನಿಲ್ಲುವಂತೆ ಹನಿಗಳು ಉರುಟುರುಟಾಗಿ ನಿಂತು ಉರುಳಿದವು. ಎಲೆಯ ಮೇಲೆ ಕಣ್ಣಿಗೆ ಕಾಣದ ಉಬ್ಬುಗಳಿರುತ್ತವೆ, ಅವುಗಳ ತುದಿಯಲ್ಲಿ ನೀರು ನಿಲ್ಲುತ್ತದೆ. ಕೋಟಿಂಗ್ ಮಾತ್ರ ನುಣುಪು, ನೀರನ್ನು ದೂರವಿಡುವುದು ಅದರ ರಾಸಾಯನಿಕ ಗುಣ. ಅಪ್ಪ ಕೊಡೆ ಹಿಡಿದು ಅದನ್ನೇ ನೋಡುತ್ತ ನಿಂತಿದ್ದರು.

ಹನಿ ಹೀಗೆ ಉರುಟಾಗಿ ನಿಲ್ಲುವುದರಿಂದ ಒಂದು ತೊಂದರೆಯೂ ಇದೆ. ಮಳೆನೀರಾದರೆ ಚಿಂತೆಯಿಲ್ಲ. ನಮ್ಮ ಅಪಾರ್ಟ್‌ಮೆಂಟಿನ ಕೊಳವೆಬಾವಿಯ ನೀರಿನಲ್ಲಿ ಸುಣ್ಣದ ಅಂಶ ಹೆಚ್ಚು. ಬಿಸಿಲಿನಲ್ಲಿ ಹನಿ ಒಣಗಿದರೆ ಒಂದೊಂದು ಹನಿಗೂ ಒಂದೊಂದು ಬಿಳಿ ಉಂಗುರ. ಕೋಟಿಂಗ್ ಅದನ್ನು ತಡೆಯುವುದಿಲ್ಲ. ತೊಳೆದ ಕೂಡಲೇ ಬಟ್ಟೆಯಿಂದ ನೀರನ್ನು ಒತ್ತಿ ಹೀರಬೇಕು, ಅಷ್ಟೇ ದಾರಿ.

ಮಾತು ಕೊನೆಗೆ ಬಂದು ನಿಲ್ಲುವುದು ತೊಳೆಯುವ ಕೈಯ ಬಳಿ. ನಮ್ಮಲ್ಲಿ ಬೆಳಗಿನ ಐದಕ್ಕೇ ಬಂದು ಕಾರು ಒರೆಸುವವರು ಯಾದಗಿರಿ ಕಡೆಯವರು, ನನಗಿಂತ ಹಿರಿಯರು. ಒಂದು ಬಕೆಟ್ ನೀರು, ಸೋಪಿನ ಪುಡಿ, ಹಳೆಯ ಬನಿಯನ್ನು. ಅದರಲ್ಲೇ ಸಾಲಾಗಿ ಹಲವು ಕಾರು. ಮೊದಲ ಕಾರಿನ ಮರಳು ಕೊನೆಯ ಕಾರಿನವರೆಗೂ ಅದೇ ಬಟ್ಟೆಯಲ್ಲಿ ಹೋಗುತ್ತದೆ. ಟಾರ್ಚಿನ ಕೆಳಗೆ ನಾನು ಕಂಡ ಗೀರುಗಳ ಮೂಲ ಇದೇ. ಆದರೆ ಅವರನ್ನು ದೂರುವುದು ಅನ್ಯಾಯ. ತಿಂಗಳಿಗೆ ಕಾರೊಂದಕ್ಕೆ ಕೆಲವು ನೂರು ರೂಪಾಯಿ ಕೊಟ್ಟು ದಿನವೂ ಕಾರು ಹೊಳೆಯಬೇಕೆನ್ನುವವರು ನಾವು.

ಸೋಪಿಗೊಂದು, ಬಟ್ಟೆ ಜಾಲಿಸಲು ಇನ್ನೊಂದು ಬಕೆಟ್ ಇಟ್ಟುಕೊಳ್ಳಿ ಎಂದು ಮೊದಲು ಹೇಳಿ ನೋಡಿದೆ. "ಒಂದೊಂದು ಕಾರಿಗೆ ಎರಡೆರಡು ಬಕೆಟ್ ಅಂದರೆ ನೀರು ಎಲ್ಲಿಂದ ತರಲಿ ಅಕ್ಕ?" ಎಂದು ಅವರು ಕೇಳಿದ್ದು ನ್ಯಾಯವೇ ಆಗಿತ್ತು. 2024ರ ಮಾರ್ಚ್‌ನಲ್ಲಿ ನೀರಿನ ಅಭಾವ ಬಿಗಡಾಯಿಸಿ, ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಆದೇಶಿಸಿದ್ದನ್ನು ಈ ಊರು ಮರೆತಿಲ್ಲ. ಇಬ್ಬರೂ ಕುಳಿತು ಲೆಕ್ಕ ಹಾಕಿದೆವು. ದಿನವೂ ಒರೆಸುವುದು ಬೇಡ. ವಾರಕ್ಕೊಮ್ಮೆ ಸಾಕು. ಅರ್ಧ ಬಕೆಟ್ ನೀರಿಗೆ, ಒರೆಸಿದ ಮೇಲೆ ಮತ್ತೆ ನೀರು ಹಾಕಿ ತೊಳೆಯಬೇಕಿಲ್ಲದ ದ್ರಾವಣ ಒಂದು ಮುಚ್ಚಳ. ಅದರಲ್ಲಿ ನೆನೆಸಿದ ಏಳೆಂಟು ಮೈಕ್ರೋಫೈಬರ್ ಬಟ್ಟೆ. ಬಟ್ಟೆಯ ಒಂದು ಮಡಿಕೆಯಿಂದ ಒಂದು ಕಡೆ ಒರೆಸಿದರೆ ಮುಂದಿನ ಕಡೆಗೆ ಹೊಸ ಮಡಿಕೆ. ಕೊಳೆಯಾದ ಬಟ್ಟೆ ಮತ್ತೆ ಬಕೆಟ್ಟಿಗೆ ಹೋಗುವಂತಿಲ್ಲ. ದೂಳು ಹೆಚ್ಚಿದ್ದ ದಿನ ಮೊದಲು ಸಿಂಪಡಿಸಿ ನೆನೆಸಬೇಕು. ಬಟ್ಟೆ, ದ್ರಾವಣ ನನ್ನದು, ಸಂಬಳ ಮೊದಲಿಗಿಂತ 300 ರೂಪಾಯಿ ಹೆಚ್ಚು.

ಬಾಗಿಲ ಕೆಳಭಾಗವನ್ನು ಕೊನೆಯಲ್ಲಿ ಒರೆಸಬೇಕು, ಮರಳು ಹೆಚ್ಚಿರುವುದು ಅಲ್ಲಿ ಎಂಬುದನ್ನು ನಾನು ಹೇಳಿಕೊಡುವ ಮೊದಲೇ ಅವರು ಕಂಡುಕೊಂಡಿದ್ದರು. ಈಗ ನಮ್ಮ ಕಟ್ಟಡದಲ್ಲಿ ಇನ್ನೂ ಕೆಲವರ ಕಾರುಗಳನ್ನು ಹೀಗೆಯೇ ನೋಡಿಕೊಳ್ಳುತ್ತಾರೆ, ಅದೇ ಹೆಚ್ಚಿನ ದರಕ್ಕೆ. ವಾರಕ್ಕೊಮ್ಮೆ ಬರುವವರಿಗೆ ಹೆಚ್ಚು ಕೊಡುವುದೇಕೆ ಎಂದು ನಿವಾಸಿಗಳ ಸಂಘದ ಕಳೆದ ಸಭೆಯಲ್ಲಿ ಇಬ್ಬರು ತಕರಾರು ತೆಗೆದರು. ಅವರಲ್ಲೊಬ್ಬರು ಇತ್ತೀಚೆಗಷ್ಟೇ ಕಾರಿಗೆ ಸಾವಿರಾರು ರೂಪಾಯಿಯ ಕೋಟಿಂಗ್ ಮಾಡಿಸಿದವರು. ಸಭೆ ಮುಗಿದ ಮೇಲೆ ಅವರನ್ನು ನೆಲಮಾಳಿಗೆಗೆ ಕರೆದುಕೊಂಡು ಹೋಗಿ, ಮೊಬೈಲಿನ ಟಾರ್ಚ್ ಹಾಕಿ ಮೊದಲು ನನ್ನ ಬಾನೆಟ್, ಆಮೇಲೆ ಅವರದು ತೋರಿಸಿದೆ. ಮರುದಿನ ಅವರು ನಾನು ಯಾವ ಬಟ್ಟೆ ಕೊಂಡಿದ್ದೆ ಎಂದು ಕೇಳಿಕೊಂಡು ಬಂದರು.