ಹೂವಿನ ನಡಿಗೆಗೆ ಬೆಳಗಿನ ಜಾವ ಬೇಡ

ಕಾಡಿನ ನಡಿಗೆಗೆ ಜನರನ್ನು ಕರೆದುಕೊಂಡು ಹೋಗುವುದು ನನ್ನ ಕೆಲಸ. ವಸಂತ ಬಂದರೆ ಎಲ್ಲರದೂ ಒಂದೇ ಪ್ರಶ್ನೆ, "ಬೆಳಗ್ಗೆ ಎಷ್ಟು ಬೇಗ ಬರಬೇಕು?" ಬೇಗ ಬರಲೇಬೇಡಿ ಅನ್ನುತ್ತೇನೆ. ಹಕ್ಕಿ ನೋಡುವ ಲೆಕ್ಕವೇ ಬೇರೆ, ಹೂವು-ಹುಳುಗಳ ಲೆಕ್ಕವೇ ಬೇರೆ.

ಚಳಿಗಾಲಕ್ಕೆ ಎಲೆ ಉದುರಿಸುವ ಕಾಡುಗಳಲ್ಲಿ ನೆಲದ ಹೂಗಳಿಗೆ ಸಮಯ ತುಂಬಾ ಕಮ್ಮಿ. ಮರಗಳು ಚಿಗುರಿ ನೆರಳು ಕವಿಯುವ ಮೊದಲು, ಬಿಸಿಲು ನೆಲ ಮುಟ್ಟುವ ಕೆಲವೇ ವಾರಗಳಲ್ಲಿ ಅವು ಅರಳಿಬಿಡಬೇಕು. ಅದರಲ್ಲೂ ವುಡ್ ಅನಿಮೊನಿ ಅನ್ನುವ ಹೂ ರಾತ್ರಿ ಮುಚ್ಚಿಕೊಳ್ಳುತ್ತದೆ, ಮಳೆ ಬಂದರೂ ಮುಚ್ಚಿಕೊಳ್ಳುತ್ತದೆ. ಏಳು ಗಂಟೆಗೆ ಹೋದರೆ ತಲೆ ತಗ್ಗಿಸಿ ನಿಂತ ಹೂ ಸಿಗುತ್ತದೆ ಅಷ್ಟೇ. ಹುಳುಗಳಿಗೂ ಮೈ ಬೆಚ್ಚಗಾಗದೆ ಹಾರಲು ಆಗುವುದಿಲ್ಲ. ಬಂಬಲ್‌ಬೀ ಅನ್ನುವ ದಪ್ಪ, ರೋಮದ ಜೇನಿನ ರಾಣಿ ಎದೆಯ ಸ್ನಾಯುಗಳನ್ನು ಅದುರಿಸಿ, ಸುಮಾರು 30 ಡಿಗ್ರಿಯಷ್ಟು ಕಾವು ತಾನೇ ಹುಟ್ಟಿಸಿಕೊಂಡು ಹೊರಡುತ್ತದೆ. ಮಿಕ್ಕ ಹೆಚ್ಚಿನವಕ್ಕೆ ಬಿಸಿಲೇ ಗತಿ. ಹಾಗಾಗಿ ನನ್ನ ನಡಿಗೆ ಹನ್ನೊಂದಕ್ಕೆ ಶುರು.

ದೂರ? ಒಂದು ಕಿಲೋಮೀಟರ್ ಸಾಕು, ಅದೂ ಜಾಸ್ತಿಯೇ. ಬಿಸಿಲು ಬೀಳುವ ಬೋಳು ಮಣ್ಣಿನ ದಿಬ್ಬ ಸಿಕ್ಕರೆ ಅಲ್ಲೇ ನಿಲ್ಲಿಸುತ್ತೇನೆ. ಪೆನ್ಸಿಲ್ ತೂರುವಷ್ಟು ತೂತು, ಸುತ್ತ ಪುಡಿಮಣ್ಣು. ಇರುವೆ ಗೂಡು ಅಂದುಕೊಂಡು ದಾಟಿ ಹೋಗುವವರೇ ಹೆಚ್ಚು. ಅದು ಒಂಟಿ ಜೇನಿನ ಮನೆ. ಹೆಣ್ಣು ತಾನೊಬ್ಬಳೇ ಕೊರೆದು, ಪರಾಗ ತಂದು ತುಂಬಿ, ಅದರ ಮೇಲೆ ಮೊಟ್ಟೆ ಇಡುತ್ತಾಳೆ. ಅದೇ ದಿಬ್ಬದ ಮೇಲೆ ಕಂದು ರೋಮದ, ಉದ್ದ ಮೂತಿಯ ಬೀ-ಫ್ಲೈ ಅನ್ನುವ ನೊಣ ಗಾಳಿಯಲ್ಲಿ ನಿಂತಲ್ಲೇ ನಿಂತಿರುತ್ತದೆ. ಮೂತಿ ನೋಡಿ ಜನ ಹಿಂದೆ ಸರಿಯುತ್ತಾರೆ. ಅದು ಕಚ್ಚುವುದೂ ಇಲ್ಲ, ಚುಚ್ಚುವುದೂ ಇಲ್ಲ, ಮಕರಂದ ಹೀರುವುದಕ್ಕಷ್ಟೇ ಆ ಮೂತಿ. ಭಯಪಡಬೇಕಾದ್ದು ಪಾಪದ ಜೇನು! ಬೀ-ಫ್ಲೈ ಹಾರುತ್ತಲೇ ತನ್ನ ಮೊಟ್ಟೆಯನ್ನು ಆ ತೂತಿನ ಕಡೆಗೆ ಚಿಮ್ಮಿಸುತ್ತದೆ. ಮರಿ ಒಳಗೆ ಸೇರಿ ಜೇನಿನ ಮರಿಯನ್ನೇ ತಿನ್ನುತ್ತದೆ. ಇಷ್ಟನ್ನು ನೋಡಲು ಅರ್ಧ ಗಂಟೆ ಹೋದರೂ ಯಾರೂ ಗೊಣಗುವುದಿಲ್ಲ.

ಹೊಸದಾಗಿ ಈ ಕೆಲಸಕ್ಕೆ ಬರುವವರಿಗೆ ನಾನು ಮೊದಲು ಹೇಳಿಕೊಡುವುದು ಹೂವಿನ ಹೆಸರಲ್ಲ, ನೆರಳು ಎಲ್ಲಿ ಬೀಳುತ್ತದೆ ಅನ್ನುವುದು. ಹೂವಿನ ಮೇಲೆ ನಿಮ್ಮ ನೆರಳು ಬಿದ್ದರೆ ಹುಳು ಎದ್ದು ಹೋಯಿತು ಅಂತಲೇ ಲೆಕ್ಕ. ಸೂರ್ಯನಿಗೆ ಬೆನ್ನು ಹಾಕಬೇಡಿ, ಪಕ್ಕಕ್ಕೆ ಕೂತು ಸುಮ್ನೆ ಕಾಯಿರಿ. ಫೋಟೊ ಆಮೇಲೆ. ವಯಲೆಟ್ ಗಿಡಗಳ ಹತ್ತಿರ ಇರುವೆಗಳನ್ನೂ ಗಮನಿಸಿ. ಅದರ ಬೀಜಕ್ಕೆ ಅಂಟಿರುವ ಎಣ್ಣೆಯಂಶದ ತುಣುಕಿನ ಆಸೆಗೆ ಅವು ಬೀಜವನ್ನು ಗೂಡಿಗೆ ಹೊರುತ್ತವೆ. ತುಣುಕು ತಿಂದು ಬೀಜ ಬಿಸಾಡುತ್ತವೆ, ಗಿಡಕ್ಕೆ ಹೊಸ ಜಾಗ ಸಿಗುತ್ತದೆ. ಆದರೆ ಇದು ಬೀಜ ಬಲಿತ ಮೇಲಿನ ಮಾತು, ಹೂ ನೋಡಲು ಬಂದವರಿಗೆ ಅದೇ ದಿನ ಕಾಣುತ್ತದೆ ಅಂತ ಮಾತು ಕೊಡಬೇಡಿ.

ಮೋಡ ಕವಿದರೆ ಕೆಲವರು ವಾಪಸ್ ಹೋಗೋಣ ಅನ್ನುತ್ತಾರೆ. ನಾನು ಬಿಡುವುದಿಲ್ಲ. ಕೊಳೆಯುತ್ತಿರುವ ಸಣ್ಣ ದಿಮ್ಮಿ ಎತ್ತಿ ಕೆಳಗೆ ತೋರಿಸುತ್ತೇನೆ. ನೆಲದ ಜೀರುಂಡೆ, ಶತಪದಿ, ಏನಾದರೂ ಇದ್ದೇ ಇರುತ್ತದೆ. ನೋಡಿಯಾದ ಮೇಲೆ ಎತ್ತಿದವರೇ ಅದನ್ನು ಇದ್ದ ಹಾಗೇ ವಾಪಸ್ ಇಡಬೇಕು.