ಕಾಸ್ಟ್ ಹಾಕಿ ಕಂಪೈಲರ್ ಬಾಯಿ ಮುಚ್ಚಿಸುವ ಮುನ್ನ

ಲಿನಕ್ಸ್‌ನಲ್ಲಿ ಚೆನ್ನಾಗಿ ಓಡುತ್ತಿದ್ದ ಒಂದು ಸಿ++ ಸರ್ವರನ್ನು ವಿಂಡೋಸ್‌ನಲ್ಲೂ ಬಿಲ್ಡ್ ಆಗುವಂತೆ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಪ್ರೋಗ್ರಾಂಗಳು ನೆಟ್‌ವರ್ಕ್‌ನಲ್ಲಿ ಮಾತಾಡಲು ಬಳಸುವ ಸಾಕೆಟ್ ಎಪಿಐ ಹುಟ್ಟಿದ್ದು 1983ರ ಯುನಿಕ್ಸ್ ಆವೃತ್ತಿ 4.2ಬಿಎಸ್‌ಡಿಯಲ್ಲಿ. ವಿಂಡೋಸ್‌ನ ಸಾಕೆಟ್ ಎಪಿಐ ಆದ ವಿನ್‌ಸಾಕ್ ಕೂಡ ಅದರ ದಾರಿಯಲ್ಲೇ ಬಂದದ್ದು, ಹಾಗಾಗಿ ಫಂಕ್ಷನ್ ಹೆಸರುಗಳು ಹೆಚ್ಚುಕಡಿಮೆ ಅವೇ. ಮೋಸ ಹೋಗುವುದೂ ಅಲ್ಲೇ.

ಮೊದಲ ಬಿಲ್ಡ್‌ನಲ್ಲಿ ರೀಡೆಫಿನಿಷನ್ (ಒಂದೇ ಹೆಸರನ್ನು ಎರಡು ಸಲ ಡಿಫೈನ್ ಮಾಡಿದ) ಎರರ್‌ಗಳ ರಾಶಿ. ವಿಂಡೋಸ್.ಎಚ್ ಎಂಬ ಹೆಡರ್ ಫೈಲ್ ತನ್ನ ಜೊತೆ ಹಳೆಯ ವಿನ್‌ಸಾಕ್.ಎಚ್ ಅನ್ನೂ ಎಳೆದು ತರುತ್ತದೆ. ಆಮೇಲೆ ವಿನ್‌ಸಾಕ್2.ಎಚ್ ಬಂದರೆ ಜಗಳ ಶುರು. ವಿನ್‌ಸಾಕ್2 ಅನ್ನು ಮೇಲಕ್ಕೆ ತಂದೆ, ಸರಿಹೋಯಿತು. ಕ್ಲೋಸ್ ಬದಲು ಕ್ಲೋಸ್‌ಸಾಕೆಟ್, ಎರ್‌ನೋ ಬದಲು ಡಬ್ಲ್ಯೂಎಸ್‌ಎ‌ಗೆಟ್‌ಲಾಸ್ಟ್‌ಎರರ್: ಇವೆಲ್ಲ ಸುಮ್ನೆ ಕೂತು ಬದಲಾಯಿಸುವ ಕೆಲಸ.

ನಿಜವಾದ ತಲೆನೋವು ಸಾಕೆಟ್‌ನ ಸೆಟ್ಟಿಂಗ್ ಬದಲಾಯಿಸುವ ಸೆಟ್‌ಸಾಕ್‌ಆಪ್ಟ್‌ನದು. ವಿಂಡೋಸ್‌ನಲ್ಲಿ ಅದು ಕ್ಯಾರ್ ಪಾಯಿಂಟರ್ (ಬೈಟ್‌ಗಳ ವಿಳಾಸ) ಕೇಳುತ್ತದೆ. ಯಾರೋ ಆಗಲೇ ಒಂದು ಕಾಸ್ಟ್ (ಈ ಟೈಪನ್ನು ಆ ಟೈಪ್ ಎಂದುಕೋ ಎಂದು ಕಂಪೈಲರ್‌ಗೆ ಹೇಳುವುದು) ಹಾಕಿ ಎರರ್ ಹೋಗಿಸಿದ್ದರು. ಆದರೆ ಓದುವ ಟೈಮ್‌ಔಟ್‌ಗೆ ಯುನಿಕ್ಸ್ ಕಡೆ ಸೆಕೆಂಡ್, ಮೈಕ್ರೋಸೆಕೆಂಡ್ ಎರಡೂ ಇರುವ ಟೈಮ್‌ವಾಲ್ ಸ್ಟ್ರಕ್ಟ್ ಕೊಡಬೇಕು, ವಿಂಡೋಸ್‌ಗೆ ಮಿಲಿಸೆಕೆಂಡಿನಲ್ಲಿ ಒಂದು ಡಿವರ್ಡ್ (ನಾಲ್ಕು ಬೈಟಿನ ಅಂಕಿ). ಸ್ಟ್ರಕ್ಟನ್ನೇ ಕೊಟ್ಟರೆ ವಿಂಡೋಸ್ ಅದರ ಮೊದಲ ನಾಲ್ಕು ಬೈಟ್ ಓದಿಕೊಳ್ಳುತ್ತದೆ, ಅಂದರೆ ಸೆಕೆಂಡಿನ ಅಂಕಿ. 5 ಸೆಕೆಂಡ್ ಅಂದುಕೊಂಡದ್ದು 5 ಮಿಲಿಸೆಕೆಂಡ್ ಆಗಿತ್ತು! ಕನೆಕ್ಷನ್‌ಗಳು ಪಟಪಟ ಬೀಳುತ್ತಿದ್ದವು, ಎಲ್ಲರೂ ನೆಟ್‌ವರ್ಕನ್ನು ಬೈಯುತ್ತಿದ್ದರು.

ತೆರೆದ ಸಾಕೆಟನ್ನು ಗುರುತಿಸುವ ಹ್ಯಾಂಡಲ್ ಟೈಪ್‌ನದೂ ಇಂಥದ್ದೇ ಕತೆ. ವಿಂಡೋಸ್‌ನ ಸಾಕೆಟ್ ಟೈಪ್ ಅನ್‌ಸೈನ್ಡ್, ಅಂದರೆ ಅದರಲ್ಲಿ ಋಣ ಅಂಕಿ ಇರುವುದಿಲ್ಲ. ಇಂಟ್ ತೆಗೆದು ಅದನ್ನು ಹಾಕಿದ ಕ್ಷಣದಿಂದ ಫೇಲ್ ಆಯಿತೇ ಎಂದು ನೋಡುವ 'ಸೊನ್ನೆಗಿಂತ ಕಡಿಮೆ' ಎಂಬ ಚೆಕ್ ಯಾವತ್ತೂ ನಿಜವಾಗುವುದಿಲ್ಲ. ಫೇಲ್ ಆದ ಸಾಕೆಟ್ ಕೂಡ ಪಾಸ್. ಇನ್‌ವ್ಯಾಲಿಡ್_ಸಾಕೆಟ್ ಜೊತೆಗೇ ಹೋಲಿಸಬೇಕು.

ಕೊನೆಗೆ ಯಾವ ಓಎಸ್‌ಗೆ ಯಾವ ಕೋಡ್ ಎಂದು ಬೇರ್ಪಡಿಸುವ ಇಫ್‌ಡೆಫ್‌ಗಳನ್ನೆಲ್ಲ ಗುಡಿಸಿ ಒಂದೇ ಫೈಲಿಗೆ ತಂದೆವು. ಉಳಿದ ಕೋಡ್ 'ಟೈಮ್‌ಔಟ್ ಇಷ್ಟು ಮಿಲಿಸೆಕೆಂಡ್' ಎಂದಷ್ಟೇ ಹೇಳುತ್ತದೆ. ಯಾವ ಸ್ಟ್ರಕ್ಟ್, ಯಾವ ಕಾಸ್ಟ್ ಎಂಬುದು ಆ ಫೈಲಿನ ಪಾಡು. ರಿವ್ಯೂನಲ್ಲಿ ಬೇರೆಲ್ಲಾದರೂ ಸಾಕೆಟ್ ಕರೆಗೆ ಕಾಸ್ಟ್ ಕಂಡರೆ ನಾನು ಕಾರಣ ಕೇಳದೆ ಬಿಡುವುದಿಲ್ಲ. ಸ್ವಲ್ಪ ಕಿರಿಕಿರಿ ಅನ್ನಿಸಬಹುದು, ಪರವಾಗಿಲ್ಲ.

ಮ್ಯಾಕ್ ಬಿಲ್ಡ್ ಮಾಡುವವರಿಗೆ ಇನ್ನೊಂದು. ಹಳೆಯ ಹೆಡರ್‌ಗಳಲ್ಲಿ ಸೆಂಡ್ ಮಾಡುವಾಗ ಸಿಗ್‌ಪೈಪ್ ಸಿಗ್ನಲ್ ಬೇಡ ಎನ್ನುವ ಎಂಎಸ್‌ಜಿ_ನೋಸಿಗ್ನಲ್ ಇರುವುದಿಲ್ಲ. ಅದನ್ನು ಸೊನ್ನೆ ಎಂದು ಡಿಫೈನ್ ಮಾಡಿದರೆ ಕಂಪೈಲ್ ಏನೋ ಆಗುತ್ತದೆ. ಆದರೆ ಆ ಕಡೆಯವರು ಕನೆಕ್ಷನ್ ಮುಚ್ಚಿದ ಮೇಲೆ ಸೆಂಡ್ ಮಾಡಿದರೆ ಸಿಗ್‌ಪೈಪ್ ಬಂದು ಇಡೀ ಪ್ರೋಸೆಸ್ ಸಾಯುತ್ತದೆ. ಅಲ್ಲಿ ಸಾಕೆಟ್ ತೆರೆದ ಕೂಡಲೇ ಆ ಸಿಗ್ನಲ್ ತಡೆಯುವ ಎಸ್‌ಒ_ನೋಸಿಗ್‌ಪೈಪ್ ಹಾಕಿಬಿಡಿ.